ಹೂದಾನಿಯ ತಳದಲ್ಲಿ ಅಫ್ಸಾನಾ

"ಇದನ್ನ ಮಾಡಿದೋರು ಯಾರು?" ಎನ್ನುತ್ತಾ ನರಸಿಂಹರಾಜು ಟವೆಲಿನ ಗಂಟು ಬಿಚ್ಚಿ ಕಟ್ಟೆಯ ಮೇಲಿಟ್ಟ. ಒಳಗಿದ್ದದ್ದು ಒಡೆದ ನೀಲಿ ಹೂದಾನಿಯ ತಳ, ಅಂಗೈಯಗಲದ ದಪ್ಪ ಗಾಜು. ಅದರಡಿ ಸಣ್ಣಗೆ ಕೊರೆದ ಸಹಿ: ಅಫ್ಸಾನಾ, ಶಿರಾ. ಆ ಎರಡು ಪದ ಹಿಡಿದುಕೊಂಡೇ ಅವನು ಬೆಳಿಗ್ಗೆ ವೈ.ಎನ್.ಹೊಸಕೋಟೆ ಬಿಟ್ಟಿದ್ದ. ಮೊದಲು ಹೂದಾನಿ ಕೊಂಡಿದ್ದ ಮಧುಗಿರಿಯ ಅಂಗಡಿಗೆ, ಅಲ್ಲಿಂದ ಶಿರಾಕ್ಕೆ, ಶಿರಾದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿ ಕೊನೆಗೆ ಈ ಗಲ್ಲಿಗೆ ಬಂದು ಮುಟ್ಟಿದ್ದ.

ಬಾಗಿಲಲ್ಲಿದ್ದ ಸುಹೇಲ್ ಗಾಜನ್ನು ನೋಡಿದ, ಬಂದವನ ಮುಖ ನೋಡಿದ. "ಅಫ್ಸಾನಾ ನಮ್ಮಕ್ಕ. ಊರಲ್ಲಿಲ್ಲ. ಏನಾಗಬೇಕಿತ್ತಣ್ಣ?"

"ಟಿ.ವಿ. ಪಕ್ಕ ಇಟ್ಟಿದ್ವಿ. ಮೊನ್ನೆ ಒಡೆದು, ಚೂರು ಹಾರಿ, ನನ್ನ ಮಗಳ ಕಣ್ಣ ಕೆಳಗೆ ನಾಕು ಹೊಲಿಗೆ. ಏಳು ವರ್ಷದ ಮಗು ಕಣಪ್ಪ. ನಾನು ಮುಟ್ಟಲಿಲ್ಲ, ತಾನಾಗೇ ಸಿಡೀತು ಅಂತಾಳೆ. ಗಾಜು ತಾನಾಗೇ ಸಿಡೀತದಾ? ಸುಳ್ಳು ಹೇಳ್ತೀಯಾ ಅಂತ, ಹೊಲಿಗೆ ಹಾಕಿಸ್ಕೊಂಡು ಬಂದ ಕೂಸಿಗೆ ನಾನೇ ಎರಡು ಬಾರಿಸ್ಬುಟ್ಟೆ. ಆಗ್ಲೂ ಅದೇ ಮಾತು, ಮುಟ್ಟಲಿಲ್ಲ, ಮುಟ್ಟಲಿಲ್ಲ ಅಂತ." ಅವನ ದನಿ ಇಳಿಯಿತು. "ನಾವು ತಗೊಂಡಿದ್ದು ಜೋಡಿ. ಇನ್ನೊಂದು ಇನ್ನೂ ಅಲ್ಲೇ ಐತೆ. ಅವಳು ಹೇಳಿದ್ದೇ ನಿಜ ಆದ್ರೆ ಹೆಂಗೆ? ಮಾಡಿದೋರೇ ಹೇಳ್ಬೇಕು."

"ಅರೇ, ತಾನಾಗೇ ಸಿಡಿಯೋಕೆ ಇದೇನು ಪಟಾಕಿನಾ? ಮಕ್ಕಳಲ್ವಾ, ಕೈ ತಾಗಿಸಿರ್ತಾರೆ. ಬೈತೀರಾ ಅಂತ ಹೆದರಿ ಹಂಗೆ ಹೇಳಿರ್ತಾಳೆ. ಇನ್ನೊಂದಕ್ಕೆ ಏನೂ ಆಗಲ್ಲ, ಆರಾಮಾಗಿ ಇಟ್ಕೊಳ್ಳಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟ ಪುಣ್ಯಾತ್ಮ! ನರಸಿಂಹರಾಜು ಅರೆಮನಸ್ಸಿನಿಂದ ಟವೆಲನ್ನು ಮತ್ತೆ ಗಂಟು ಹಾಕತೊಡಗಿದ. ಅಷ್ಟರಲ್ಲಿ ಪರದೆ ಸರಿಯಿತು. ಊರಲ್ಲಿಲ್ಲದ ಅಕ್ಕ ಹೊರಗೆ ಬಂದಳು.

"ತಡೀರಿ ಅಣ್ಣ, ನೋಡ್ತೀನಿ" ಎಂದು ಅವಳು ಕಟ್ಟೆಯ ಮುಂದೆ ಕೂತಳು. ಗಾಜನ್ನು ಸೀದಾ ಎತ್ತಿಕೊಳ್ಳಲಿಲ್ಲ. ಮೊದಲು ಹಿಂಗೈಯನ್ನು ಅದರ ಹತ್ತಿರ ಒಯ್ದು ಒಂದು ಗಳಿಗೆ ಹಿಡಿದು, ಆಮೇಲೆ ಮುಟ್ಟಿದಳು.

"ಇವಳು ನಮ್ಮ ಚಿಕ್ಕಮ್ಮನ ಮಗಳು, ಇವಳಿಗೇನೂ ಗೊತ್ತಾಗಲ್ಲ..." ಎಂದ ಸುಹೇಲ್.

"ಸುಮ್ನಿರಪ್ಪ" ಎಂದ ನರಸಿಂಹರಾಜು. ಅವನು ಇಪ್ಪತ್ತು ವರ್ಷದಿಂದ ವೆಲ್ಡಿಂಗ್ ಕೆಲಸದವನು. ಕಾದದ್ದು ಯಾವುದು, ಆರಿದ್ದು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ; ಒಮ್ಮೆ ಅಂಗೈ ಸುಟ್ಟುಕೊಂಡವರೇ ಹೀಗೆ ಹಿಂಗೈ ಹಿಡಿದು ನೋಡುವುದು. "ನೀವೇ ಅಫ್ಸಾನಾ ಅಲ್ವಾ ತಾಯಿ?"

ಅವಳು ತಲೆಯಾಡಿಸಿ ಗಾಜನ್ನು ಬೆಳಕಿಗೆ ತಿರುಗಿಸಿದಳು. ಗಾಜು ಅವಳದೇ. ಆದರೆ ಸಹಿ? ಅಕ್ಷರಗಳನ್ನು ಒತ್ತಿ ಒತ್ತಿ ಕೊರೆದಿತ್ತು. ಅವಳು ಹಾಗೆ ಒತ್ತುವವಳಲ್ಲ. ಬೆಂಕಿಯಿಂದ ತೆಗೆದದ್ದನ್ನು ಬಿಸಿ ಬೂದಿಯ ಪೆಟ್ಟಿಗೆಯಲ್ಲಿ ಹೂತು, ಎರಡು ದಿನ ನಿಧಾನಕ್ಕೆ ಆರಲು ಬಿಟ್ಟು, ಆಮೇಲಷ್ಟೇ ಅವಳು ಹೆಸರು ಹಾಕುತ್ತಿದ್ದದ್ದು. ಅವಸರಕ್ಕೆ ಮೊದಲೇ ತೆಗೆದರೆ ಮೇಲೆ ಆರಿದಂತೆ ಕಂಡರೂ ಒಳಗೆ ಬಿಗಿತ ಉಳಿದಿರುತ್ತದೆ. ಇವತ್ತೋ, ತಿಂಗಳು ಬಿಟ್ಟೋ, ಯಾರೂ ಮುಟ್ಟದೆಯೂ ಸಿಡಿಯುತ್ತದೆ.

"ಸುಹೇಲ್, ನಾನು ಜ್ವರ ಬಂದು ಮಲಗಿದ್ನಲ್ಲ, ಆಗ ಬೂದಿಯಿಂದ ಯಾವಾಗ ತೆಗೆದೆ?"

"ಆಪಾ, ನೀನು ಒಳಗೆ ಹೋಗು."

"ಯಾವಾಗ ತೆಗೆದೆ?"

"ನೀನು ಹೂತಿದ್ದ ದಿನಾನೇ, ಸಾಯಂಕಾಲ. ಅಂಗಡಿಯೋರು ಗಾಡಿ ಕಳಿಸಿಬಿಟ್ಟಿದ್ರು. ನಿನ್ನ ಸಹಿ ಇಲ್ದಿದ್ರೆ ತಗೊಳ್ಳಲ್ಲ ಅಂದ್ರು, ಅದಕ್ಕೇ..."

"ಎಷ್ಟು?"

"ಆರೂ ಹೂದಾನಿ."

ಅಫ್ಸಾನಾ ಅವನ ಮುಖ ನೋಡಲಿಲ್ಲ. "ಅಣ್ಣ, ನಿಮ್ಮ ಮಗಳು ಹೇಳಿದ್ದು ನಿಜ. ಮನೆಗೆ ಫೋನ್ ಮಾಡಿ. ಈಗ್ಲೇ."

ಮೊದಲ ಸಲ ರಿಂಗಾಗಿ ರಿಂಗಾಗಿ ಕಟ್ಟಾಯಿತು. ನರಸಿಂಹರಾಜುವಿನ ಅವಸರಕ್ಕೆ ಎರಡನೇ ಸಲ ಬೇರೆ ಯಾರದೋ ನಂಬರಿಗೆ ಹೋಯಿತು. ಮೂರನೇ ಸಲ ಹೆಂಡತಿ ಎತ್ತಿದಳು.

"ಗಂಗೂ, ಯಶು ಎಲ್ಲವ್ಳೆ?"

"ಟಿ.ವಿ. ಮುಂದೆ ಕೂತವ್ಳೆ. ಯಾಕೆ?"

"ಯಾಕೆ ಗೀಕೆ ಆಮೇಲೆ. ಅವಳನ್ನ ಎಳ್ಕೊಂಡು ಆಚೆ ಬಾ. ಆ ಹೂದಾನಿ ಮುಟ್ಬೇಡ, ಅದರ ಕಡೆ ನೋಡ್ಲೂ ಬೇಡ. ಬಂದ್ಯಾ? ಬಾಗ್ಲು ಎಳ್ಕೊಂಡ್ಯಾ?"

ಬಾಗಿಲಿನ ಚಿಲಕದ ಸದ್ದು ಫೋನಿನಲ್ಲೇ ಕೇಳಿಸಿತು. ಅವನು ಕಟ್ಟೆಯ ಮೇಲೆ ಕೂತ. "ಮಗೀಗೆ ಫೋನ್ ಕೊಡು" ಎಂದ. "ಯಶೂ, ನೀನು ಮುಟ್ಟಿರಲಿಲ್ಲ ಕಣವ್ವ. ಅಪ್ಪಂದೇ ತಪ್ಪು."

ಅಷ್ಟರಲ್ಲಿ ಅಫ್ಸಾನಾ ಮಧುಗಿರಿಯ ಅಂಗಡಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ್ದಳು. "ಆ ನೀಲಿವಾ? ಉಳಿದ ನಾಕೂ ಆವಾಗ್ಲೇ ಖರ್ಚಾದವಲ್ಲಮ್ಮ" ಎಂದ ಅಂಗಡಿಯವನು ಖುಷಿಯಿಂದ. "ಯಾರು ತಗೊಂಡ್ರು ಅಂತ ಯಾರಿಗೆ ಗೊತ್ತು? ಮದುವೆಗೆ ಕೊಡೋಕೆ ಅಂತ ಯಾರ್ಯಾರೋ ಬತ್ತಾರೆ, ಹೋಯ್ತಾರೆ."

ಅವಳು ಫೋನ್ ಕೆಳಗಿಟ್ಟಳು. ಸುಹೇಲ್ ಗೋಡೆಗೆ ಮುಖ ಮಾಡಿ ನಿಂತಿದ್ದ. ನರಸಿಂಹರಾಜು ಎದ್ದು, ಒಡೆದ ತಳವನ್ನು ಅವಳ ಕೈಗೇ ಕೊಟ್ಟು ಹೇಳಿದ:

"ನಿಮ್ಮನ್ನ ಹುಡುಕೋಕೆ ನಂಗೊಂದು ಹೆಸರಿತ್ತು ತಾಯಿ. ಆ ನಾಕು ಮನೇನ ನೀವು ಯಾವ ಹೆಸರು ಹಿಡ್ಕೊಂಡು ಹುಡುಕ್ತೀರಾ?"