ಕೆಂಪು ಚೀಟಿ

ಮ್ಯೂಸಿಯಮ್ಮಿನ ಮೇಡಂ ಡ್ರಾಯರ್ ಎಳೆದು, ಎರಡು ಸತ್ತ ಹಕ್ಕಿಗಳನ್ನು ತಾತನ ಮುಂದೆ ಹತ್ತಿಯ ಮೇಲೆ ಅಕ್ಕಪಕ್ಕ ಮಲಗಿಸಿದರು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಎರಡೂ ಪುಟ್ಟ ಕಂದು ಹಕ್ಕಿಗಳು. ಒಂದು ತುಸು ಹೊಳಪು, ಇನ್ನೊಂದು ಮಂಕು. ಹೊಳಪಿನದರ ಕಾಲಿಗೆ ಕೆಂಪು ಚೀಟಿ, ಮಂಕಿನದಕ್ಕೆ ಬಿಳಿ ಚೀಟಿ.

ಹೊಸ ಜಾತಿಗೆ ಹೆಸರಿಡುವಾಗ ಯಾವ ಹಕ್ಕಿಯನ್ನು ಮುಂದಿಟ್ಟುಕೊಂಡು ಇಟ್ಟರೋ ಅದಕ್ಕೆ ಮಾತ್ರ ಆ ಕೆಂಪು ಚೀಟಿ. ಮೂವತ್ತು ವರ್ಷದ ಹಿಂದೆ ಮ್ಯೂಸಿಯಮ್ಮಿನ ಪ್ರೊಫೆಸರರು ಇಟ್ಟದ್ದು ತಾತನ ಹೆಂಡತಿಯ ಹೆಸರು. ಅವರು ತಂದ ಹಕ್ಕಿಗಳ ಚರ್ಮ ಬಿಡಿಸಿ, ಹತ್ತಿ ತುಂಬಿ ಹೊಲಿಯುತ್ತಿದ್ದವನು ತಾತ. ಹೊತ್ತುಗೊತ್ತಿಲ್ಲದೆ ಬಂದರೂ ಮುಖ ಸಿಂಡರಿಸದೆ ಅವರಿಗೆ ಊಟ ಬಡಿಸಿದವಳು ಅಜ್ಜಿ. ಅಂದಿನಿಂದ ಬೀದಿಯವರೆಲ್ಲ ತಾತನನ್ನು 'ಹಕ್ಕಿಯ ಗಂಡ' ಎಂದು ರೇಗಿಸಿದ್ದೇ ರೇಗಿಸಿದ್ದು. ಅಜ್ಜಿ ಹೊರಗೆ ನಾಚಿಕೊಂಡರೂ ಒಳಗೊಳಗೇ ಬೀಗುತ್ತಿದ್ದಳು.

"ತಾತ, ಕೆಂಪು ಚೀಟಿ ಇರೋದು ಎಲ್ಲೆಲ್ಲೂ ಸಿಗೋ ಮಾಮೂಲಿ ಹಕ್ಕಿ ಕಾಲಲ್ಲಿ. ಪ್ರೊಫೆಸರ್ ಬರೆದಿಟ್ಟ ಅಳತೆ ಹೊಂದೋದು ಈ ಮಂಕು ಹಕ್ಕಿಗೆ. ನಿಜವಾದ ಹೊಸ ಜಾತಿ ಇದು. ಹೆಸರಿಟ್ಟ ವರ್ಷಾನೇ ಹುಳ ಹಿಡಿದಿದೆ ಅಂತ ಎರಡೂ ನಿಮ್ಮ ಮನೆಗೆ ರಿಪೇರಿಗೆ ಬಂದಿದ್ವಲ್ಲ, ಆಗ ಚೀಟಿ ಅದಲುಬದಲಾಯ್ತಾ?"

"ಆಗಿಲ್ಲ ಅಂದ್ರೆ?"

"ಅಜ್ಜಿ ಹೆಸರು ರದ್ದಾಗುತ್ತೆ. ಮಾಮೂಲಿ ಹಕ್ಕಿಗೆ ಮೊದಲೇ ಒಂದು ಹೆಸರಿದೆ. ಮಂಕು ಹಕ್ಕಿಗೆ ಇನ್ಯಾರೋ ಬೇರೆ ಹೆಸರಿಡ್ತಾರೆ. ಅದಲುಬದಲಾಗಿದ್ರೆ ನೀವು ಹಾಗಂತ ಬರೆದುಕೊಟ್ಟರೆ ಸಾಕು, ಹೆಸರು ಉಳಿಯುತ್ತೆ."

ಒಂದು ಹಕ್ಕಿ ಮೇಜಿನ ಮೇಲಿರುವಾಗ ಇನ್ನೊಂದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದವನೇ ಅಲ್ಲ ತಾತ. ಸಾವಿರಾರು ಹಕ್ಕಿಗಳಲ್ಲಿ ಒಂದೇ ಒಂದು ಚೀಟಿ ತಪ್ಪಿದೆ ಎಂದು ಯಾರಾದರೂ ತೋರಿಸಲಿ ನೋಡೋಣ ಎಂದು ಎದೆ ತಟ್ಟಿಕೊಂಡೇ ನಿವೃತ್ತನಾದವನು. ಹಣವಿಲ್ಲ ಕಾಸಿಲ್ಲ, ಅವನು ಗಳಿಸಿದ್ದು ಅದೊಂದನ್ನೇ. ತಿರುಗಿ ನೋಡಿದ. ಬಾಗಿಲ ಬಳಿ ಸ್ಟೂಲಿನ ಮೇಲೆ ಅಜ್ಜಿ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದಳು, ಡಾಕ್ಟರು ಏನು ಹೇಳುತ್ತಾರೋ ಎಂದು ಕಾಯುವವರ ಹಾಗೆ.

"ಹೌದಮ್ಮ," ಎಂದ ತಾತ. "ನಾನೇ ತಪ್ಪು ಕಟ್ಟಿದ್ದು. ಬರ್ಕೋ." ತನ್ನ ಕೆಲಸದ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು.

"ಬರ್ಕೋಬೇಡ ತಾಯಿ," ಅಜ್ಜಿ ಎದ್ದು ಬಂದಳು. "ಇವರಲ್ಲ, ನಾನು. ಇವರು ಹೊರಗೆ ಹೋಗಿದ್ರು. ಚೀಟಿಗೆಲ್ಲ ಹಕ್ಕಿ ಕೊಬ್ಬು ಹತ್ತಿ ಜಿಡ್ಡುಗಟ್ಟಿತ್ತು. ಪ್ರೊಫೆಸರ್ ಇವರನ್ನ ಏನಂದ್ಕೋತಾರೋ ಅಂತ ಎರಡನ್ನೂ ಬಿಚ್ಚಿ, ಹಿಟ್ಟು ಹಾಕಿ ಉಜ್ಜಿ ಚೊಕ್ಕ ಮಾಡಿದೆ. ತಿರುಗಿ ಕಟ್ಟೋಕೆ ಹೋದ್ರೆ ಯಾವ ಚೀಟಿ ಯಾವ ಹಕ್ಕೀದು ಅಂತಾನೇ ಗೊತ್ತಾಗ್ಲಿಲ್ಲ. ಕೆಂಪು ಚೀಟೀಲಿ ನನ್ನ ಹೆಸರಿತ್ತಲ್ಲ, ಚೆಂದ ಕಂಡಿದ್ದಕ್ಕೆ ಅದನ್ನ ಕಟ್ಟಿಬಿಟ್ಟೆ."

ಮೇಡಂ ನಗು ತಡೆದುಕೊಂಡು ಕಾಗದದ ಮೇಲೆ ಬಗ್ಗಿದರು. ತಾತನಿಗೆ ನಗು ಬರಲಿಲ್ಲ. ಹೆಸರು ಉಳಿಯಿತೆಂದು ಎದೆ ಹಗುರವಾದರೂ ಸಿಟ್ಟು ನೆತ್ತಿಗೇರಿತ್ತು.

"ಆಮೇಲೆ ಮೂವತ್ತು ವರ್ಷ ಒಂದೇ ಮನೇಲಿದ್ದೀವಿ. ನನಗೊಂದು ಮಾತು ಹೇಳ್ಬಾರದಿತ್ತಾ?"

ಅಜ್ಜಿ ಅವನ ಮುಖವನ್ನೇ ನೋಡಿದಳು.

"ಹೇಗೆ ಹೇಳ್ಲಿ? ಒಂದು ಚೀಟಿ ತಪ್ಪು ಕಟ್ಟಿದ ಅಂತ ಅದೇ ತಿಂಗಳು ನಿಮ್ಮ ಕೈಕೆಳಗಿದ್ದ ನನ್ನ ತಮ್ಮನ್ನ ಕೆಲಸದಿಂದ ಬಿಡಿಸಿದ್ರಿ. ಅವನಿಗೆ ಬಂದಿರೋಕೆ ಅಕ್ಕನ ಮನೆ ಇತ್ತು. ನನಗೆ ಯಾವ ಮನೆ ಇತ್ತು?"