ಕ್ಷಮಿಸುವ ಸಾಲು

ಆ ಕಾಲದಲ್ಲಿ, ಮನಸ್ಸಿನಲ್ಲಿ ಹಗೆ ಇಟ್ಟುಕೊಂಡವರಿಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಎಂಬ ಸಾಲು ಹೇಳಲು ಬರುತ್ತಿರಲಿಲ್ಲ. ದನಿ ಅಲ್ಲಿಗೇ ನಿಂತುಬಿಡುತ್ತಿತ್ತು. ಚರ್ಚಿನ ಪ್ರಭುಭೋಜನದಲ್ಲಿ ದ್ರಾಕ್ಷಾರಸ ಕುಡಿಯಲು ಎಲ್ಲರಿಗೂ ಒಂದೇ ಬಟ್ಟಲೋ, ತಲೆಗೊಂದು ಲೋಟವೋ ಎಂದು ಇಬ್ಭಾಗವಾಗಿದ್ದ ಸಭೆಯವರು ಆ ಸಾಲು ಬಂದಾಗ ಕೆಮ್ಮುವುದನ್ನು ರೂಢಿ ಮಾಡಿಕೊಂಡಿದ್ದರು.

ಜ್ಞಾನವತಿಯ ಗಂಡನನ್ನು ಗುಂಡಿಗೆ ಇಳಿಸಿದಾಗಲೂ ಕೆಮ್ಮಿದರು. ಒಬ್ಬರಾದರೂ ಪ್ರಾರ್ಥನೆಯನ್ನು ಪೂರ್ತಿ ಹೇಳದೆ ಮಣ್ಣು ಹಾಕುವಂತಿರಲಿಲ್ಲ.

"ಎಲ್ಲಾ ಈ ಬಟ್ಟಲಿನವರಿಂದಲೇ, ಅಕ್ಕಾ," ಎಂದರು ಲೋಟದವರ ಹಿರಿಯ ಅಮ್ಮಣ್ಣ.

"ಲೋಟ ತೊಳೆಯುವವರಿಗೆ ಭಕ್ತಿಯ ಮಾತೇಕೆ?" ಎಂದರು ಬಟ್ಟಲಿನವರ ಹಿರಿಯ ಕರ್ಕಡ.

"ಹೆಣದ ಮುಂದೆಯೂ ಕಚ್ಚಾಡುತ್ತೀರಲ್ಲ, ನಾಚಿಕೆಯಿಲ್ಲವೇ? ಗೇಟಿನಾಚೆ ನಡೆಯಿರಿ. ನಾನೊಬ್ಬಳೇ ಹೇಳುತ್ತೇನೆ," ಎಂದು ಜ್ಞಾನವತಿ ಎಲ್ಲರನ್ನೂ ಹೊರಗಟ್ಟಿದಳು.

ಮೊಣಕಾಲೂರಿ ಪ್ರಾರ್ಥಿಸಿದಳು. ಆ ಸಾಲಿಗೆ ಬರುತ್ತಲೇ ಅವಳ ದನಿಯೂ ನಿಂತಿತು. ಮತ್ತೆ ಮೊದಲಿನಿಂದ ಹೇಳಿದಳು; ಮತ್ತೆ ಅಲ್ಲಿಗೇ ನಿಂತಿತು. ತೆರೆದ ಗುಂಡಿಯಲ್ಲಿದ್ದ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಗೇಟಿನ ಕಡೆಗೆ ಮುಖ ಸಿಂಡರಿಸಿ ಕೂಗಿದಳು:

"ಬನ್ನಿ, ಇಬ್ಬರೂ ಒಳಗೆ ಬನ್ನಿ! ನಿಮ್ಮಂಥವರನ್ನು ಕ್ಷಮಿಸದೆ ನನ್ನ ಗಂಡನ ಮೇಲೆ ಮಣ್ಣು ಬೀಳುವ ಹಾಗಿಲ್ಲ."