ಓಡಿದವಳ ಹೆಸರು

ನಿರೂಪಕರು ಮೈಕಿನಲ್ಲಿ "ಆಶಾರಾಣಿ" ಎಂದು ಕರೆದಾಗ ಇಬ್ಬರು ಹೆಂಗಸರು ಎದ್ದರು. ಒಬ್ಬಳು ಮುಂದಿನ ಸಾಲಿನ ರೇಷ್ಮೆ ಸೀರೆಯ ಆಶಾರಾಣಿ, ನಂಜನಗೂಡಿನಲ್ಲಿ ಪಿ.ಟಿ. ಟೀಚರ್. ಇನ್ನೊಬ್ಬಳು ಶಾಮಿಯಾನದ ಕೊನೆಯಲ್ಲಿ ಪಾಯಸದ ಪಾತ್ರೆಯ ಮುಂದೆ ಕೂತಿದ್ದ ಮಂಚಮ್ಮ, ಸಮಾರಂಭ ನಡೆಯುತ್ತಿದ್ದ ಸ್ಕೂಲಿನ ಬಿಸಿಯೂಟದವಳು. ಮಂಚಮ್ಮ ನಾಲಿಗೆ ಕಚ್ಚಿಕೊಂಡು ಹಾಗೇ ಕೂತುಬಿಟ್ಟಳು. ನೋಡಿದವರು ಶಿವಮೂರ್ತಿ ಮೇಷ್ಟ್ರು ಒಬ್ಬರೇ. ಅಂದು ಪಿ.ಟಿ. ಮೇಷ್ಟ್ರಾಗಿದ್ದ ಅವರದೇ ನಿವೃತ್ತಿಯ ಬೀಳ್ಕೊಡುಗೆ. ಹಾರ ಹಾಕಿಸಿಕೊಂಡು ವೇದಿಕೆಯ ಮೇಲಿದ್ದರು.

ಮಂಚಮ್ಮನಿಗೆ ಆ ಹೆಸರು ಅಂಟಿಸಿದವರೇ ಅವರು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಜಿಲ್ಲಾ ಕ್ರೀಡಾಕೂಟಕ್ಕೆ ಮೂರು ದಿನವಿದೆ ಅನ್ನುವಾಗ, ಓಡಬೇಕಿದ್ದ ಅವರ ಶಿಷ್ಯೆ ಆಶಾರಾಣಿಯ ಕಾಲು ಉಳುಕಿತು. ಆಗ ಕಣ್ಣಿಗೆ ಬಿದ್ದವಳು ಸೋಸಲೆಯ ಮಂಚಮ್ಮ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಹೊಳೆದಂಡೆಯಲ್ಲಿ ಕರು ಅಟ್ಟಿಕೊಂಡು ಓಡುತ್ತಿದ್ದಳು. ಆಶಾರಾಣಿ ಎಂದು ಯಾರು ಕೂಗಿದರೂ ತಿರುಗಬೇಕು ಎಂದು ಮೂರು ದಿನ ಕರೆದು ಕರೆದು ಅಭ್ಯಾಸ ಮಾಡಿಸಿದರು. ಮೈಸೂರಿನಲ್ಲಿ ಹುಡುಗಿ ಬರಿಗಾಲಿನಲ್ಲಿ ಎಂಟುನೂರು ಮೀಟರ್ ಗೆದ್ದಳು. ಅವಳಿಗೊಂದು ಮಸಾಲೆ ದೋಸೆ ಕೊಡಿಸಿ ಬಸ್ಸು ಹತ್ತಿಸಿದರು. ಸರ್ಟಿಫಿಕೇಟು ಆಶಾರಾಣಿಯ ಮನೆ ಸೇರಿತು. ಅದರ ಬೆನ್ನಿಗೇ ಸ್ಪೋರ್ಟ್ಸ್ ಹಾಸ್ಟೆಲಿನ ಸೀಟು, ಮುಂದೆ ನೌಕರಿ. ಒಳ್ಳೆಯ ಕೋಚ್ ಎಂದು ಮೇಷ್ಟ್ರಿಗೂ ಹೆಸರು ಬಂತು.

ಈಗ ಅದೇ ಆಶಾರಾಣಿ ಮೈಕ್ ಹಿಡಿದು, ಈ ಗುರುಗಳಿಲ್ಲದಿದ್ದರೆ ತಾನಿಲ್ಲ ಎಂದು ಮಾತಾಡಿದಳು. ತಮ್ಮ ಸರದಿ ಬಂದಾಗ ಮೇಷ್ಟ್ರು ನಿಜ ಹೇಳಿಬಿಡೋಣ ಎಂದುಕೊಂಡೇ ಎದ್ದರು. ಎಲ್ಲರಿಗೂ ಧನ್ಯವಾದ ಹೇಳಿ ಕೂತರು.

ಊಟಕ್ಕೆ ಅವರ ಒಂದು ಪಕ್ಕ ಹೆಡ್‌ಮೇಷ್ಟ್ರು, ಇನ್ನೊಂದು ಪಕ್ಕ ಆಶಾರಾಣಿ. ಪಾಯಸ ಬಡಿಸಿದ ಮಂಚಮ್ಮ ಮುಂದೆ ಹೋಗದೆ ಅಲ್ಲೇ ನಿಂತಳು. ಜೊತೆಗೆ ಯೂನಿಫಾರ್ಮಿನಲ್ಲಿದ್ದ ಒಂದು ಹುಡುಗಿ.

"ನನ್ ಮಗ್ಳು ಮೇಘನಾ, ಸಾ. ಓಟಕ್ಕೆ ಸೇರ್ಕೋ ಅಂದ್ರೆ ಇಂದೇಟ್ ಆಕ್ತಾಳೆ. ನಾನೂ ಒಂದ್ಸಲ ಮೈಸೂರ್ನಲ್ಲಿ ಓಡಿ ಗೆದ್ದಿದ್ದೆ ಕಣವ್ವ ಅಂದ್ರೆ ನಂಬದೇ ಇಲ್ಲ. ನೀವೊಂದ್ ಮಾತು ಏಳ್ಬುಡಿ."

ಅವಳು ಕೇಳಿದ್ದು ಅಷ್ಟೇ. ಯಾರ ಹೆಸರನ್ನೂ ಎತ್ತಲಿಲ್ಲ.

"ನಿಜವಾ ಸಾ?" ಎಂದಳು ಮೇಘನಾ.

ಹೆಡ್‌ಮೇಷ್ಟ್ರು ಕುತೂಹಲದಿಂದ ಇತ್ತ ತಿರುಗಿ, ಅದು ಯಾವ ವರ್ಷ ಎಂದು ವಿಚಾರಿಸಿದರು. ಆಶಾರಾಣಿ ಎತ್ತಿದ ತುತ್ತನ್ನು ಎಲೆಗೇ ಇಳಿಸಿದಳು. ಮೂವತ್ತೆರಡು ವರ್ಷ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿದ್ದ ಮೇಷ್ಟ್ರಿಗೆ 'ಹೌದು' ಎಂಬ ಎರಡಕ್ಷರ ಹೊರಡಲಿಲ್ಲ. ಕಡೆಗೆ, ಇನ್ನೂ ಮುಟ್ಟಿರದ ಎಲೆ ನೋಡುತ್ತ, "ಪಾಯಸ ಚೆನ್ನಾಗಿದೆ ಮಂಚಮ್ಮ" ಎಂದರು.

ಮಂಚಮ್ಮ ಒಂದು ಗಳಿಗೆ ಅವರ ಬಗ್ಗಿದ ತಲೆಯನ್ನೇ ನೋಡಿದಳು. ಆಮೇಲೆ ಇನ್ನೊಂದು ಸೌಟು ಬಡಿಸಿ, ಮಗಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ನಾನೇ ಸುಳ್ಳೇಳಿದ್ದೆ ಕಣವ್ವ. ಬಾ, ಮೇಷ್ಟ್ರು ಊಟ ಮಾಡ್ಲಿ."